ಮಟಮಟ ಮಧ್ಯಾಹ್ನದ ದೆವ್ವ

ದೆವ್ವದ ಸಿನಿಮಾ ಎಂದರೆ ನಮ್ಮ ಮನೆಗಳಲ್ಲಿ ಹಿರಿಯರು ಮೂಗು ಮುರಿಯುತ್ತಾರೆ. ಕಿರಿಯರು ದೀಪ ಆರಿಸಿ ಕೂರುತ್ತಾರೆ. ಈ ಎರಡು ಪಂಗಡಗಳಲ್ಲಿ ಯಾವುದಕ್ಕೂ ಸೇರಿದವರಲ್ಲವೆಂದು ನಾವು ಇಷ್ಟು ದಿನ ನಂಬಿಕೊಂಡಿದ್ದೆವು. ಹೋದ ತಿಂಗಳ ಒಂದು ಭಾನುವಾರ ಸಂಜೆ ನಮ್ಮ ಬಳಗದ ಮನೆಯೊಂದರಿಂದ ಕರೆ ಬಂತು. ಆ ಮನೆಯ ಮಗಳು ಇಲ್ಲಿಯ ಕಾಲೇಜೊಂದರಲ್ಲಿ ಮಾಧ್ಯಮ ವಿಷಯವನ್ನು ಓದುತ್ತಿದ್ದಾಳೆ. ಪರೀಕ್ಷೆಯ ಅಂಗವಾಗಿ ಆಕೆ ಒಂದು ಭಯಾನಕ ಚಿತ್ರದ ಆರಂಭವನ್ನಷ್ಟೇ ತಯಾರಿಸಬೇಕಾಗಿತ್ತು. ಪೂರ್ತಿ ಚಿತ್ರವಲ್ಲ, ಹೆಸರು ತೆರೆಯ ಮೇಲೆ ಮೂಡುವವರೆಗಿನ ನಾಲ್ಕು ನಿಮಿಷ ಮಾತ್ರ. ಈ ಬಗೆಯ ಚಿತ್ರಗಳಿಗೆ ರೂಢಿಯಾಗಿರುವ ಕ್ರಮಗಳನ್ನು ಬಳಸಬೇಕು, ಬೇಕೆನಿಸಿದಲ್ಲಿ ಮುರಿಯಬೇಕು, ಏಕೆ ಮುರಿದೆನೆಂದು ಬರೆದೂ ಕೊಡಬೇಕು ಎಂಬುದು ಅಧ್ಯಾಪಕರ ಆಜ್ಞೆ. ಅವಲಕ್ಕಿ, ಚಹಾ ಮುಗಿಸಿ ಹದಿನೈದಿಪ್ಪತ್ತು ಮಂದಿ ಟೀವಿಯ ಮುಂದೆ ಕುಳಿತೆವು. ಅಂದು ಕಂಡದ್ದನ್ನೂ, ಆಮೇಲೆ ಆ ಹಾಲಿನಲ್ಲಿ ಎದ್ದ ಜಗಳವನ್ನೂ ಓದುಗರ ಮುಂದೆ ಇಡಬೇಕೆಂದು ಅನ್ನಿಸಿದೆ.

ಮೊದಲು ಕತ್ತಲು. ಗಾಳಿ ಬೀಸುವ ಸದ್ದು, ದೂರದಲ್ಲಿ ನಾಯಿ ಊಳಿಡುತ್ತದೆ. ಹಳೆಯ ಬಂಗಲೆಯ ಕದ ಕಿರ್ರೆನ್ನುತ್ತದೆ, ಮಿಣುಕುವ ದೀಪದ ಕೆಳಗೆ ಒಬ್ಬಳೇ ಹುಡುಗಿ ಮೆಟ್ಟಿಲು ಹತ್ತುತ್ತಾಳೆ. ನಮ್ಮ ಪಕ್ಕದಲ್ಲಿದ್ದವರು "ಇಷ್ಟೇನಾ" ಎಂದು ಪಿಸುಗುಟ್ಟುವಷ್ಟರಲ್ಲಿ ಚಿತ್ರ ಹಿಂದೆ ಸರಿಯಿತು. ಅದು ಮೊಬೈಲಿನಲ್ಲಿ ಯಾರೋ ನೋಡುತ್ತಿದ್ದ ಸಿನಿಮಾ! ನೋಡುತ್ತಿದ್ದವಳು ಪುಣೆಯ ಸಾಧಾರಣ ಫ್ಲಾಟೊಂದರ ಹಾಲಿನಲ್ಲಿ ಅಂಗಾತ ಮಲಗಿದ ಮೊಮ್ಮಗಳು. ಹೊರಗೆ ಕಣ್ಣು ಕುಕ್ಕುವ ಬಿಸಿಲು. ಗುರುವಾರ, ರಿಪೇರಿಯ ಹೆಸರಿನಲ್ಲಿ ಕರೆಂಟು ತೆಗೆಯುವ ದಿನವೆಂದು ಪುಣೆಯಲ್ಲಿದ್ದವರಿಗೆ ಹೇಳಬೇಕಾದ್ದಿಲ್ಲ. ಫ್ಯಾನು ನಿಧಾನವಾಗುತ್ತಾ ಬಂದು ನಿಲ್ಲುತ್ತದೆ. ಫ್ರಿಜ್ಜಿನ ಗುಂಯ್‌ಗುಡುವಿಕೆ ನಿಲ್ಲುತ್ತದೆ. ಲಿಫ್ಟು ನಿಲ್ಲುತ್ತದೆ. ಇಷ್ಟು ಹೊತ್ತು ಇದ್ದೇ ಇತ್ತೆಂದು ಗೊತ್ತಾಗದ ಸದ್ದುಗಳೆಲ್ಲ ಒಂದೊಂದಾಗಿ ಇಲ್ಲವಾಗುತ್ತವೆ. ಹುಡುಗಿಗೆ ನಿದ್ದೆ ಹತ್ತಿದೆ. ಅಡಿಗೆಮನೆಯ ಹೊಸ್ತಿಲಲ್ಲಿ ಅಜ್ಜಿ ಕಾಲು ಚಾಚಿ ಕುಳಿತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಾಳೆ. ಆಗ ಕೆಳಗಿನಿಂದ ಗಂಡಸೊಬ್ಬನ ದನಿ ಅಜ್ಜಿಯನ್ನು ಹೆಸರು ಹಿಡಿದು ಕರೆಯುತ್ತದೆ. ಅದು ಅವಳ ಈಗಿನ ಹೆಸರಲ್ಲ. ತವರೂರಿನಲ್ಲಿ ಲಂಗ ತೊಟ್ಟು ಓಡಾಡುತ್ತಿದ್ದಾಗಿನ ಅಡ್ಡಹೆಸರು. ಪುಣೆಯಲ್ಲಿ ಒಂದು ಹುಳಕ್ಕೂ ಗೊತ್ತಿರದ ಹೆಸರು. ಮೊರದ ಮೇಲೆ ಅಜ್ಜಿಯ ಕೈ ನಿಲ್ಲುತ್ತದೆ. ಎರಡನೆಯ ಸಲ ಕರೆ ಬರುತ್ತದೆ, ಒಂದು ಮಹಡಿ ಹತ್ತಿರದಿಂದ. ಅಜ್ಜಿ ಬಾಯಿ ಬಿಡುತ್ತಾಳೆ. ಮೂರನೆಯ ಕರೆ ನಮಗೆ ಕೇಳಿಸುವುದಿಲ್ಲ. ಚಿತ್ರದ ಹೆಸರು ಬೀಳುತ್ತದೆ.

ಒಂದೆರಡು ಕ್ಷಣ ಯಾರೂ ಮಾತನಾಡಲಿಲ್ಲ. ಆಮೇಲೆ ಎಲ್ಲರೂ ಒಟ್ಟಿಗೇ ಮಾತನಾಡಿದರು.

ಈ ನಾಲ್ಕು ನಿಮಿಷದಲ್ಲಿ ಹುಡುಗಿ ಮಾಡಿರುವುದೇನೆಂದು ತಿಳಿಯಬೇಕಾದರೆ ರೂಢಿ ಎಲ್ಲಿಂದ ಬಂತೆಂದು ಸ್ವಲ್ಪ ನೋಡಬೇಕು. ನಮ್ಮ ದೇಶದ ದೆವ್ವದ ಚಿತ್ರಕ್ಕೆ ಬಾಗಿಲು ತೆರೆದದ್ದು 1949ರ ‘ಮಹಲ್’ ಎಂದರೆ ತಪ್ಪಾಗದು. ಕಮಾಲ್ ಅಮ್ರೋಹಿಯವರು ಅದನ್ನು ಪ್ರಾರಂಭಿಸಿದ ರೀತಿ ಮುಂದಿನವರಿಗೆಲ್ಲ ಮೇಲ್ಪಂಕ್ತಿಯಾಯಿತು: ಮಳೆಯ ರಾತ್ರಿ, ಪಾಳು ಭವನ, ಹೊಸದಾಗಿ ಬಂದ ಯಜಮಾನ, ಹಿಂದಿನ ಕತೆ ಹೇಳುವ ಮುದಿ ಮಾಲಿ, ಗೋಡೆಯ ಮೇಲೊಂದು ಚಿತ್ರಪಟ. ಬಿಮಲ್ ರಾಯ್ ಅವರ ‘ಮಧುಮತಿ’ (1958) ಕೂಡ ಬಿರುಗಾಳಿಯ ರಾತ್ರಿಯಲ್ಲಿ, ದಾರಿ ಕಟ್ಟಿದ ಪ್ರಯಾಣಿಕ ಹಳೆಯ ಬಂಗಲೆಯಲ್ಲಿ ಆಸರೆ ಪಡೆಯುವುದರಿಂದಲೇ ತೊಡಗುತ್ತದೆ. ‘ಬೀಸ್ ಸಾಲ್ ಬಾದ್’ (1962) ಬರುವ ಹೊತ್ತಿಗೆ ರೂಢಿ ಗಟ್ಟಿಯಾಗಿತ್ತು. 1970–80ರ ದಶಕಗಳಲ್ಲಿ ರಾಮ್ಸೆ ಸೋದರರು ಅದಕ್ಕೆ ಹೊಗೆ ಹಾಕಿ, ಬಣ್ಣ ಬಳಿದು ಊರೂರಿಗೆ ಹಂಚಿದರು. ಕನ್ನಡದಲ್ಲಿ 1979ರ ‘ನಾ ನಿನ್ನ ಬಿಡಲಾರೆ’ ನೋಡಿ ಬಂದ ರಾತ್ರಿ ಹಿತ್ತಿಲಿಗೆ ಒಬ್ಬರೇ ಹೋಗಲು ಹೆದರಿದವರು ನಮ್ಮ ಓದುಗರಲ್ಲಿ ಇಂದಿಗೂ ಇದ್ದಾರು. ಅನಂತನಾಗ್–ಲಕ್ಷ್ಮಿ ಜೋಡಿಯನ್ನು ನೆನೆದರೆ ಹಲವರಿಗೆ ಹಾಡಿನ ಜೊತೆ ಚಳಿಯೂ ನೆನಪಾಗುತ್ತದೆ.

ಈ ಚಿತ್ರಗಳಿಗೆ ರಾತ್ರಿಯೇ ಏಕೆ ಬೇಕು? ಕಪ್ಪು-ಬಿಳುಪಿನ ಕಾಲದಲ್ಲಿ ನೆರಳು ಛಾಯಾಗ್ರಾಹಕನಿಗೆ ಅಗ್ಗವಾಗಿ ಸಿಗುವ ಒಡವೆಯಾಗಿತ್ತು. ಒಂದು ದೀಪ, ಒಂದು ಜಾಲರಿ, ಅಷ್ಟಿದ್ದರೆ ಗೋಡೆಯೇ ನಟಿಸುತ್ತಿತ್ತು. ಅಲ್ಲದೆ ಕತ್ತಲಲ್ಲಿ ಕುಳಿತು ನೋಡುವವನಿಗೆ ಕತ್ತಲನ್ನೇ ತೋರಿಸಿದರೆ ತೆರೆಗೂ ಕುರ್ಚಿಗೂ ನಡುವಿನ ಗಡಿ ಅಳಿಯುತ್ತದೆ. ಕಾರಣವೇನೋ ಒಳ್ಳೆಯದೇ. ಆದರೆ ನಮ್ಮ ಅಜ್ಜಿಯರ ಲೆಕ್ಕ ಬೇರೆಯಿತ್ತು. "ಮಟಮಟ ಮಧ್ಯಾಹ್ನದಾಗ ಹುಣಸಿ ಗಿಡದ ಕೆಳಗ ಹೋಗಬ್ಯಾಡ" ಎಂದು ಬೈಸಿಕೊಳ್ಳದೆ ಬೆಳೆದವರು ನಮ್ಮಲ್ಲಿ ಯಾರಿದ್ದಾರೆ? ಊರಿನ ದೆವ್ವಕ್ಕೆ ಎರಡು ಹೊತ್ತು: ನಡುರಾತ್ರಿ ಒಂದು, ನಡುಹಗಲು ಇನ್ನೊಂದು. ಗಂಡಸರು ಹೊಲದಲ್ಲಿ, ದನಗಳು ನೆರಳಲ್ಲಿ, ಬೀದಿಯಲ್ಲಿ ನರಪಿಳ್ಳೆಯಿಲ್ಲ. ನೆರಳು ಕಾಲ ಕೆಳಗೆ ಸೇರಿಕೊಂಡಿರುತ್ತದೆ. ಬಾವಿಕಟ್ಟೆ, ಹಾಳು ಗುಡಿ, ಊರಾಚೆಯ ಆಲ, ಎಲ್ಲ ಆ ಒಂದು ತಾಸು ಬೇರೆ ಯಾರದೋ ಆಗಿರುತ್ತವೆ. ರಾತ್ರಿಯ ದೆವ್ವ ಕಾಣದೆ ಹೆದರಿಸುತ್ತದೆ. ಮಧ್ಯಾಹ್ನದ ದೆವ್ವಕ್ಕೆ ಆ ಸೌಕರ್ಯವೂ ಬೇಕಿಲ್ಲ, ಎಲ್ಲವೂ ಕಾಣುತ್ತಿರುವಾಗಲೇ ಹೆದರಿಸುತ್ತದೆ. ನಮ್ಮ ಸಿನಿಮಾ ಈ ಎರಡನೆಯದನ್ನು ಬಹುಮಟ್ಟಿಗೆ ಮರೆಯಿತು.

ಹುಡುಗಿ ಇದನ್ನು ಅಮೆರಿಕದವರಿಂದ ಕಲಿತಿರಬಹುದೆಂದು ನಾವು ಸಂಶಯಪಟ್ಟೆವು. ಹಿಚ್‌ಕಾಕ್ 1960ರಲ್ಲಿ ‘ಸೈಕೋ’ ಚಿತ್ರವನ್ನು ಫೀನಿಕ್ಸ್ ನಗರದ ಒಂದು ಶುಕ್ರವಾರ, ಮಧ್ಯಾಹ್ನ 2 ಗಂಟೆ 43 ನಿಮಿಷಕ್ಕೆಂದು ತೆರೆಯ ಮೇಲೆ ಬರೆದೇ ಪ್ರಾರಂಭಿಸಿದ್ದರು. 1968ರಲ್ಲಿ ರೊಮೆರೊ ತಮ್ಮ ಸತ್ತವರ ಚಿತ್ರವನ್ನು ಇನ್ನೂ ಬೆಳಕಿರುವಾಗಲೇ ಸ್ಮಶಾನದಲ್ಲಿ, ಅಣ್ಣ ತಂಗಿಯನ್ನು ರೇಗಿಸುವ ಹುಡುಗಾಟದಿಂದ ತೊಡಗಿದರು. ಕೇಳಿದ್ದಕ್ಕೆ ಹುಡುಗಿ, "ಅವೆಲ್ಲ ಕ್ಲಾಸಿನಲ್ಲಿ ತೋರಿಸಿದ್ದರು ಕಾಕಾ. ಆದರೆ ಮಧ್ಯಾಹ್ನದ ಮಾತು ಹೇಳಿದ್ದು ನಮ್ಮ ಅಜ್ಜಿ" ಎಂದಳು. ಎರಡೂ ನಿಜವಿರಬೇಕು. ಹೊರಗಿನದನ್ನು ನೋಡಿದ್ದರಿಂದ ಮನೆಯಲ್ಲಿದ್ದುದು ಕಂಡಿತು, ಅದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ.

ಅಷ್ಟರಲ್ಲಿ ಒಬ್ಬ ಮಿತ್ರರು, "ಪುಣೆಯಲ್ಲಿದ್ದುಕೊಂಡು ದೆವ್ವದ ಸಿನಿಮಾ ಮಾಡುವವರು ಶನಿವಾರವಾಡಾ ಬಿಡುವುದುಂಟೆ?" ಎಂದು ಕೇಳಿದರು. 1773ರ ಆಗಸ್ಟ್ 30ರಂದು ಹದಿನೆಂಟರ ಹರೆಯದ ಪೇಶ್ವೆ ನಾರಾಯಣರಾಯನು ತನ್ನ ಅರಮನೆಯಲ್ಲೇ ಗಾರ್ದಿ ಕಾವಲುಗಾರರ ಕೈಯಲ್ಲಿ ಕೊಲೆಯಾದದ್ದು ಚರಿತ್ರೆ. "ಕಾಕಾ ಮಲಾ ವಾಚವಾ" ಎಂಬ ಆತನ ಕೂಗು ಹುಣ್ಣಿಮೆಯ ರಾತ್ರಿ ಇಂದಿಗೂ ಕೇಳುತ್ತದೆಂಬುದು ಊರ ಮಾತು. ಹಿಡಿಯಿರಿ ಎಂಬ ಅರ್ಥದ ‘ಧರಾವೆ’ಯಲ್ಲಿ ‘ಧ’ ತೆಗೆದು ‘ಮಾ’ ಹಾಕಿ ಕೊಲ್ಲಿರಿ ಎಂದಾಗಿಸಿದರೆಂಬ ಕತೆಯೂ ಅದರ ಜೊತೆಗಿದೆ. ಒಂದಕ್ಷರದಿಂದ ಒಂದು ಪ್ರಾಣ ಹೋದ ಕತೆ ನಿಜಕ್ಕೂ ಭಯಂಕರವಾದದ್ದೇ. ಹುಡುಗಿಯ ಉತ್ತರ ಚಿಕ್ಕದಾಗಿತ್ತು: "ನಮ್ಮ ಕ್ಲಾಸಿನಲ್ಲಿ ಅರ್ಧಕ್ಕರ್ಧ ಜನ ಅದನ್ನೇ ಮಾಡಿದ್ದಾರೆ." ಆ ಚಿತ್ರಗಳನ್ನು ನಾವು ನೋಡಿಲ್ಲ. ಆದರೆ ಅವಳು ಆ ದಾರಿ ಬಿಟ್ಟದ್ದು ಸರಿಯೆಂದೇ ನಮ್ಮ ಅಭಿಪ್ರಾಯ. ಅವಳ ಚಿತ್ರದಲ್ಲೂ ಒಂದು ಕೂಗಿದೆ ನೋಡಿ. ಅರಮನೆಯ ಕೂಗನ್ನು ಕೇಳಲು ಟಿಕೆಟು ಕೊಂಡು ಹೋಗಬೇಕು; ಈ ಕೂಗು ಕೇಳುವವರ ಹೆಸರು ಹಿಡಿದು ಮನೆಗೇ ಬರುತ್ತದೆ. ರಾತ್ರಿ ಯಾರಾದರೂ ಹೆಸರು ಕರೆದರೆ ಮೂರು ಸಲ ಕರೆಯುವತನಕ ಓಗೊಡಬಾರದೆಂದು ನಮಗೆಲ್ಲ ಹೇಳಿಕೊಟ್ಟಿದ್ದರಷ್ಟೆ. 1990ರ ದಶಕದಲ್ಲಿ ಬೆಂಗಳೂರಿನ ಕದಗಳ ಮೇಲೆ ‘ನಾಳೆ ಬಾ’ ಎಂದು ಬರೆದುಕೊಂಡದ್ದೂ ಇದೇ ಹೆದರಿಕೆಯಿಂದ. 2018ರ ‘ಸ್ತ್ರೀ’ ಅದನ್ನು ಹಿಂದಿಯವರಿಗೂ ಮುಟ್ಟಿಸಿತು. ಮನೆ ಬಿಟ್ಟು ಬಂದವರಿಗೆ ಈ ಹೆದರಿಕೆಯ ಹರಿತ ಇನ್ನೂ ಹೆಚ್ಚು. ಹಗಲೆಲ್ಲ ಮರಾಠಿ, ಹಿಂದಿ ಕೇಳುವ ಕಟ್ಟಡದಲ್ಲಿ ಕನ್ನಡದಲ್ಲಿ ಕರೆಯುವವರು ಮನೆಯವರು ಮಾತ್ರ. ಮನೆಯವರೆಲ್ಲ ಒಳಗೇ ಇರುವಾಗ ಹೊರಗಿನಿಂದ ಕನ್ನಡ ಕೇಳಿಸಿದರೆ? ದೆವ್ವಕ್ಕೆ ಬಿಳಿಸೀರೆ ಉಡಿಸುವ ಗೋಜೇ ಇಲ್ಲ, ಭಾಷೆಯೊಂದೇ ಸಾಕು. ಭಯಾನಕ ಚಿತ್ರದ ರೂಢಿ ಮುರಿಯುವುದೆಂದರೆ ದೆವ್ವದ ವೇಷ ಬದಲಿಸುವುದಲ್ಲ, ಭಯದ ಜಾಗ ಬದಲಿಸುವುದು ಎಂದು ನಮಗೆ ಹೊಳೆದದ್ದು ಆ ಎರಡನೆಯ ಕರೆಯ ಹೊತ್ತಿನಲ್ಲಿ.

ಈ ಊರಿಗೆ ಇಂಥ ಪ್ರಯತ್ನ ಹೊಸದಲ್ಲ. ‘ಮಧುಮತಿ’ಗೆ ಕತೆ ಬರೆದ ಋತ್ವಿಕ್ ಘಟಕ್ ಮುಂದೆ 1960ರ ದಶಕದ ನಡುವಿನಲ್ಲಿ ನಮ್ಮ ಲಾ ಕಾಲೇಜು ರಸ್ತೆಯ ಫಿಲ್ಮ್ ಇನ್‌ಸ್ಟಿಟ್ಯೂಟಿಗೆ ಪಾಠ ಹೇಳಲು ಬಂದರು. ಅವರ ಶಿಷ್ಯ ಮಣಿ ಕೌಲ್ 1973ರಲ್ಲಿ ‘ದುವಿಧಾ’ ತೆಗೆದರು: ಆಲದ ಮರದ ಭೂತವೊಂದು ಮದುವಣಗಿತ್ತಿಗೆ ಮನಸೋತು ಅವಳ ಗಂಡನ ರೂಪದಲ್ಲಿ ಸಂಸಾರ ಹೂಡುವ ರಾಜಸ್ಥಾನದ ಕತೆ. ಅಲ್ಲಿ ಬಿರುಗಾಳಿಯಿಲ್ಲ, ಕಿರುಚಾಟವಿಲ್ಲ. ಬಿಳಿಗೋಡೆ, ಕೆಂಪು ಸೀರೆ, ಸುಡುವ ಹಗಲು. ಗುರು ಬರೆದ ಬಿರುಗಾಳಿಯ ರಾತ್ರಿಗೂ ಶಿಷ್ಯ ತೆಗೆದ ಬಿಸಿಲಿಗೂ ನಡುವೆ ಹದಿನೈದೇ ವರ್ಷ.

ಜಗಳ ನಿಜವಾಗಿ ಹತ್ತಿಕೊಂಡದ್ದು ನಮ್ಮ ಹಿರಿಯರೊಬ್ಬರು ಬಾಯಿ ತೆರೆದ ಮೇಲೆ. ಅವರು ನಿವೃತ್ತ ಇಂಜಿನಿಯರು, ಮೂಢನಂಬಿಕೆಯ ವಿರುದ್ಧ ಬಹುಕಾಲದಿಂದ ಮಾತನಾಡುತ್ತ ಬಂದವರು. "ಡಾ. ನರೇಂದ್ರ ದಾಭೋಳಕರರನ್ನು ಇದೇ ಊರಿನಲ್ಲಿ, 2013ರ ಆಗಸ್ಟ್ 20ರ ಬೆಳಿಗ್ಗೆ ಗುಂಡಿಟ್ಟು ಕೊಂದರು. ಆ ವರ್ಷವೇ ಮಹಾರಾಷ್ಟ್ರದಲ್ಲಿ ಮಾಟ-ಮಂತ್ರದ ವಿರುದ್ಧ ಕಾನೂನು ಬಂತು, 2017ರಲ್ಲಿ ಕರ್ನಾಟಕದಲ್ಲೂ ಆಯಿತು. ಇಷ್ಟೆಲ್ಲ ಆದಮೇಲೆ ಕಲಿತ ಹುಡುಗಿ ಅಜ್ಜಿಯ ದೆವ್ವವನ್ನು ಟೀವಿಗೆ ತರುತ್ತಾಳೆ, ನಾವು ಚಪ್ಪಾಳೆ ತಟ್ಟಬೇಕು" ಎಂದರು. ಮಾತು ಕಟುವಾಗಿತ್ತು, ಆದರೆ ಹಗುರವಾಗಿರಲಿಲ್ಲ. ಹುಡುಗಿಯ ಮುಖ ಬಾಡಿತು.

ಈ ಆಕ್ಷೇಪಣೆಗೆ ನಮ್ಮ ಚಿತ್ರರಂಗ ಬಹುದಿನಗಳಿಂದ ಒಂದು ಸಿದ್ಧ ಉತ್ತರ ಇಟ್ಟುಕೊಂಡಿದೆ: ಮೊದಲು ಹೆದರಿಸುವುದು, ಕೊನೆಗೆ ದೆವ್ವವೇ ಇಲ್ಲವೆಂದು ತೋರಿಸುವುದು. ‘ಮಹಲ್’ನ ದೆವ್ವ ಮಾಲಿಯ ಮಗಳು; ‘ಬೀಸ್ ಸಾಲ್ ಬಾದ್’ನ ದೆವ್ವ ಮನುಷ್ಯನ ಕೈವಾಡ; ಮಲಯಾಳದಿಂದ ಬಂದ ನಮ್ಮ ‘ಆಪ್ತಮಿತ್ರ’ (2004) ನಾಗವಲ್ಲಿಯನ್ನು ಮನೋರೋಗವೆಂದು ವಿವರಿಸುತ್ತದೆ. ಇದೂ ಒಂದು ರೂಢಿಯೇ. ಎರಡೂವರೆ ತಾಸು ದೆವ್ವದಿಂದ ದುಡಿದುಕೊಂಡು ಕೊನೆಯ ಹತ್ತು ನಿಮಿಷ ಅದಕ್ಕೆ ಲೆಕ್ಕ ಚುಕ್ತಾ ಮಾಡುವ ಈ ಪದ್ಧತಿಯಲ್ಲಿ ನಮಗೆ ಅಂಥ ವೈಚಾರಿಕತೆ ಕಂಡಿಲ್ಲ. ಭರತಮುನಿ ಭಯಾನಕವನ್ನು ಎಂಟು ರಸಗಳಲ್ಲಿ ಒಂದೆಂದು ಎಣಿಸಿದ್ದು ಜನರನ್ನು ಭೂತದ ಭಕ್ತರನ್ನಾಗಿ ಮಾಡಲು ಅಲ್ಲವಷ್ಟೆ. ಕೇಳಬೇಕಾದದ್ದು ದೆವ್ವ ಉಂಟೋ ಇಲ್ಲವೋ ಎಂದಲ್ಲ. ಹೆದರಿದ ಜನ ಏನು ಮಾಡುತ್ತಾರೆ ಎಂದು.

ಇಲ್ಲಿ ನಾವು ಹಿರಿಯರಿಗೆ ಇನ್ನೊಂದು ವಿದ್ಯಾರ್ಥಿ ಚಿತ್ರದ ನೆನಪು ಮಾಡಿಕೊಟ್ಟೆವು. ನಮ್ಮ ಮನೆಗಳಿಂದ ರಿಕ್ಷಾದಲ್ಲಿ ಹೋಗುವಷ್ಟು ದೂರದಲ್ಲಿ, ಅದೇ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ತಯಾರಾದ ಕನ್ನಡ ಚಿತ್ರ. ವೈದ್ಯಕೀಯ ಓದಿ ಬಂದ ಚಿದಾನಂದ ಎಸ್. ನಾಯ್ಕ್ ಅವರು ಟೆಲಿವಿಷನ್ ವಿಭಾಗದ ಒಂದು ವರ್ಷದ ನಿರ್ದೇಶನ ಶಿಕ್ಷಣದ ಕೊನೆಗೆ, ನಾಲ್ಕು ದಿನಗಳ ಚಿತ್ರೀಕರಣದಲ್ಲಿ ಮಾಡಿದ ಹದಿನಾರು ನಿಮಿಷದ ಕಿರುಚಿತ್ರ, ‘ಸೂರ್ಯಕಾಂತಿ ಹೂವಿಗೆ ಮೊದಲು ಗೊತ್ತಾಗಿದ್ದು’. 2024ರ ಮೇ ತಿಂಗಳಲ್ಲಿ ಕಾನ್ ಉತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಅದಕ್ಕೆ ಮೊದಲ ಬಹುಮಾನ ಬಂದಾಗ ನಮ್ಮವರು ಹೆಮ್ಮೆಪಟ್ಟರು, ಪೆಟ್ಟಿಗೆ ಬಿಚ್ಚಿ ಪೇಢೆ ಹಂಚಿದರು. ಆ ಚಿತ್ರ ಮಾಡಿದ್ದೇನೆಂದು ಮಾತನಾಡಿದವರು ಕಡಮೆ.

ಕೋಳಿ ಮತ್ತು ಮುದುಕಿಯ ಕತೆ ಎಲ್ಲರಿಗೂ ಗೊತ್ತು. ತನ್ನ ಕೋಳಿ ಕೂಗದಿದ್ದರೆ ಊರಿಗೆ ಬೆಳಗಾಗುವುದಿಲ್ಲವೆಂದು ಜಂಬಪಟ್ಟ ಮುದುಕಿ ಕೋಳಿಯನ್ನು ಬಗಲಲ್ಲಿಟ್ಟುಕೊಂಡು ಊರು ಬಿಡುತ್ತಾಳೆ. ಸೂರ್ಯ ಮಾತ್ರ ಎಂದಿನಂತೆ ಹುಟ್ಟುತ್ತಾನೆ. ಮುದುಕಿಯನ್ನು ನೋಡಿ ನಗುವುದಕ್ಕೆ ಇರುವ ಕತೆ ಅದು. ಹೇಳಬೇಕೆಂದರೆ ನಮ್ಮ ಹಿರಿಯರಿಗೆ ಪ್ರಿಯವಾಗಬೇಕಾದ ವೈಚಾರಿಕ ಕತೆ. ನಾಯ್ಕ್ ಅವರ ಚಿತ್ರದಲ್ಲಿ ಮುದುಕಿ ಊರಿನ ಕೋಳಿಯನ್ನು ಕದಿಯುತ್ತಾಳೆ, ಸೂರ್ಯ ನಿಜಕ್ಕೂ ಹುಟ್ಟುವುದಿಲ್ಲ. ಒಂದು ಎಳೆ ಎಳೆದರೆ ಇಡೀ ಬಟ್ಟೆ ಬಿಚ್ಚಿಕೊಳ್ಳುವ ಹಾಗೆ ಇಷ್ಟರಿಂದಲೇ ಎಲ್ಲ ಬದಲಾಗುತ್ತದೆ. ದೆವ್ವದ ಕತೆಗಳಲ್ಲೆಲ್ಲ ಕೋಳಿ ಕೂಗು ಒಂದು ಭಾಷೆ ಕೊಟ್ಟಂತೆ: ಅಲ್ಲಿಯವರೆಗೆ ಉಸಿರು ಬಿಗಿಹಿಡಿದರೆ ಬದುಕಿದೆವು, ಕೂಗಿತೆಂದರೆ ಪೀಡೆ ಓಡಿತು. ಎಂಥ ಭಯಂಕರ ಚಿತ್ರಕ್ಕೂ ನಾವು ಧೈರ್ಯವಾಗಿ ಕೂರುವುದು ಬೆಳಗಾಗುತ್ತದೆಂಬ ಆ ಭರವಸೆಯ ಮೇಲೆ. ಇಲ್ಲಿ ಕತೆ ತೊಡಗುವಾಗಲೇ ಆ ಭರವಸೆಯನ್ನು ಬಗಲಲ್ಲಿಟ್ಟುಕೊಂಡು ಹೋಗಿಬಿಡುತ್ತಾರೆ. ಬಹುಪಾಲು ಕತ್ತಲಲ್ಲೇ ನಡೆಯುವ ಚಿತ್ರ. ಆದರೂ ಇದನ್ನು ದೆವ್ವದ ಚಿತ್ರವೆಂದು ಯಾರೂ ಕರೆಯಲಾರರು. ಕತ್ತಲಲ್ಲಿ ಬರುವುದು ದೆವ್ವವಲ್ಲ, ಊರಿನವರ ತೀರ್ಮಾನ. ಕೋಳಿಯನ್ನು ಮರಳಿ ಪಡೆಯಲು ಯಾವುದೋ ಭವಿಷ್ಯವಾಣಿಯನ್ನು ಮುಂದೆ ಮಾಡಿ ಮುದುಕಿಯ ಮನೆಯವರನ್ನು ಊರಿಂದ ಹೊರಗೆ ಹಾಕುತ್ತಾರೆ.

ಇದನ್ನು ಯೋಚಿಸುವಾಗ ನಮಗೆ ‘ಘಟಶ್ರಾದ್ಧ’ ನೆನಪಾಗುತ್ತದೆ. ಔಷಧಶಾಸ್ತ್ರ ಓದಿದ್ದ ಗಿರೀಶ ಕಾಸರವಳ್ಳಿ ಇದೇ ಸಂಸ್ಥೆಯಲ್ಲಿ ‘ಅವಶೇಷ’ ಎಂಬ ವಿದ್ಯಾರ್ಥಿ ಚಿತ್ರ ಮಾಡಿ 1975ರಲ್ಲಿ ಹೊರಬಂದವರು. ಎರಡು ವರ್ಷದ ನಂತರ ಅನಂತಮೂರ್ತಿಯವರ ಕತೆಯನ್ನು ತೆರೆಗೆ ತಂದು ಸ್ವರ್ಣಕಮಲ ಪಡೆದರು. ಅಲ್ಲಿನ ಕಾಡು, ಕತ್ತಲು, ನಾಣಿಯೆಂಬ ಪುಟ್ಟ ಹುಡುಗನ ಗಾಬರಿ ಇವನ್ನು ಯಾವ ದೆವ್ವದ ಚಿತ್ರಕ್ಕಾದರೂ ಹೋಲಿಸಬಹುದು. ಬದುಕಿರುವ ಯಮುನಕ್ಕನಿಗೆ ಊರು ಶ್ರಾದ್ಧ ಮಾಡಿ ಹೊರಗಟ್ಟುವುದನ್ನು ನೋಡಿದಾಗ ಬೆನ್ನಲ್ಲಿ ಇಳಿಯುವ ಚಳಿಗೆ ಯಾವ ರಾಮ್ಸೆ ಚಿತ್ರವೂ ಸಾಟಿಯಲ್ಲ. ಔಷಧ ಓದಿದವರೊಬ್ಬರು, ವೈದ್ಯಕೀಯ ಓದಿದವರೊಬ್ಬರು, ನಡುವೆ ಸುಮಾರು ಅರ್ಧ ಶತಮಾನ. ಇಬ್ಬರೂ ಪುಣೆಗೆ ಬಂದು ಕಲಿತು, ಕನ್ನಡದ ಕತ್ತಲಿನಲ್ಲಿ ಕಂಡದ್ದು ಒಂದೇ: ಹೊರಗಟ್ಟುವ ಊರು. ದಾಭೋಳಕರರು ಬದುಕಿಡೀ ಎದುರಿಸಿದ್ದೂ ಹೆದರಿದ ಜನ ಒಬ್ಬರ ಮೇಲೆ ಬೆರಳು ತೋರುವ ಈ ಚಟವನ್ನೇ ಅಲ್ಲವೇ ಎಂದು ನಾವು ಕೇಳಿದೆವು. ಹಿರಿಯರು ಒಪ್ಪಲಿಲ್ಲ. "ನಾಯ್ಕರು ಊರಿನ ಮೇಲೆ ಬೆಳಕು ಹಾಕಿದ್ದಾರೆ ನಿಜ, ಈ ಹುಡುಗಿ ಹಾಕಿಲ್ಲ. ಇವಳದು ಬರೀ ದನಿ" ಎಂದರು. ಆ ಮಾತನ್ನು ತಳ್ಳಿಹಾಕಲು ನಮ್ಮಿಂದಾಗಲಿಲ್ಲ. ನಾಲ್ಕು ನಿಮಿಷದ ಮುಂದೆ ಏನೆಂಬುದು ಅವಳಿಗೂ ಇನ್ನೂ ಗೊತ್ತಿಲ್ಲ. ಕರೆದವನಾರು, ಅಜ್ಜಿ ಆ ಊರು ಬಿಟ್ಟು ಬಂದದ್ದೇಕೆ ಎಂಬ ಪ್ರಶ್ನೆಗಳನ್ನು ಆರಂಭ ಎತ್ತಿ ಹಾಗೆಯೇ ಬಿಟ್ಟಿದೆ. ಅವಕ್ಕೆ ಉತ್ತರ ಹುಡುಕಿದರೆ ಅವಳೂ ಊರಿನ ಹತ್ತಿರ ಹೋಗಿ ನಿಂತಾಳೆಂದು ನಮಗೆ ತೋರುತ್ತದೆ.

ದೋಷಗಳನ್ನೂ ಹೇಳಿಬಿಡುತ್ತೇವೆ. ಎರಡನೆಯ ಕರೆಯ ಹಿಂದೆ ಹುಡುಗಿ ಪಿಟೀಲಿನ ಎಳೆತ ಸೇರಿಸಿದ್ದಾಳೆ. ಅಷ್ಟು ಕಷ್ಟಪಟ್ಟು ಫ್ಯಾನು, ಫ್ರಿಜ್ಜು ನಿಲ್ಲಿಸಿ ಗಳಿಸಿದ ಮೌನವನ್ನು ಅದು ಒಂದೇ ಕ್ಷಣದಲ್ಲಿ ಖರ್ಚು ಮಾಡಿಬಿಡುತ್ತದೆ. ಮೊಬೈಲಿನ ಬಂಗಲೆ ಅರ್ಧ ನಿಮಿಷ ಹೆಚ್ಚಾಯಿತು. ರೂಢಿಯನ್ನು ಗೇಲಿ ಮಾಡಹೊರಟವರು ಅದರಲ್ಲೇ ಸುಖಪಡಬಾರದು. ಚಿತ್ರದ ಹೆಸರು ಇಂಗ್ಲಿಷಿನಲ್ಲಿದೆ. ಪರೀಕ್ಷಕರಿಗಾಗಿ ಎಂದಳು, ಸುಮ್ಮನಾದೆವು. ಅಜ್ಜಿಯ ಪಾತ್ರ ವಹಿಸಿದವರು ಅವಳ ಸ್ವಂತ ಅಜ್ಜಿಯೇ, ವಿಜಯಪುರದ ಕಡೆಯವರು. ಅವರ ಕೈ ಮೊರದ ಮೇಲೆ ನಿಲ್ಲುವ ರೀತಿಯನ್ನು ಯಾವ ತರಬೇತಾದ ನಟಿಯೂ ಮಾಡಲಾರಳು. ಅಷ್ಟು ಹೊತ್ತು ಮೂಲೆಯ ಕುರ್ಚಿಯಲ್ಲಿ ಕುಳಿತು ನಮ್ಮ ವಾದ ಕೇಳುತ್ತಿದ್ದ ಅವರನ್ನು ಕೊನೆಗೆ ಯಾರೋ ಅಭಿಪ್ರಾಯ ಕೇಳಿದರು. "ನಾ ಹಂಗ ಸುಮ್ಮ ಕುಂಡ್ರತಿದ್ದಿಲ್ಲ. ನಾಳಿ ಬಾ ಅಂದು ಕದಾ ಹಾಕಿಬಿಡತಿದ್ದೆ" ಎಂದರು. ಸ್ವಲ್ಪ ತಡೆದು, "ಆದ್ರ ಆ ದನಿ ನಮ್ಮೂರಿಂದಲ್ಲ ಬಿಡವಾ" ಎಂದೂ ಸೇರಿಸಿದರು.

ಎಲ್ಲರಿಗಿಂತ ಒಳ್ಳೆಯ ವಿಮರ್ಶೆ ಅದೇ ಆಗಿತ್ತು. ದನಿ ಕೊಟ್ಟವರು ಹುಡುಗಿಯ ತಂದೆ. ಮೂವತ್ತು ವರ್ಷ ಪುಣೆಯಲ್ಲಿದ್ದು ಅವರ ಕನ್ನಡಕ್ಕೆ ಮರಾಠಿಯ ಏರಿಳಿತ ಹತ್ತಿಬಿಟ್ಟಿದೆ. ಹೆಸರನ್ನು ಎಳೆಯುವಲ್ಲಿ ಅದು ಎದ್ದು ಕಾಣುತ್ತದೆ. ತಂದೆ ನಕ್ಕರೂ ಸ್ವಲ್ಪ ಪೆಚ್ಚಾದರು. ಹುಡುಗಿ ಕೂಡಲೇ ನೋಟ್‌ಬುಕ್ ತೆಗೆದು ಬರೆದುಕೊಂಡಳು. ಕಾಲೇಜಿಗೆ ಒಪ್ಪಿಸಲು ಇನ್ನೂ ಸಮಯವಿದೆಯಂತೆ. ಪಿಟೀಲು ತೆಗೆಯುತ್ತಾಳಂತೆ, ದನಿಯನ್ನೂ ಬದಲಿಸುತ್ತಾಳಂತೆ. ಹಳೆಯ ವಿಜಯಪುರದ ಮಾತು ಕೆಡದೆ ಉಳಿದಿರುವ ಹಿರಿಯರಿಗಾಗಿ ಪಿಂಪ್ರಿಯಿಂದ ಕೋಥರೂಡದವರೆಗೆ ಕೇಳಿ ನೋಡಿದ್ದಾಳೆ. ನಾವು ಇದನ್ನು ಬರೆಯುವ ಹೊತ್ತಿಗೂ ಯಾರೂ ಸಿಕ್ಕಿರಲಿಲ್ಲ.